‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಯಾಕೆ ತಪ್ಪು? ಕನ್ನಡದ ಮಕ್ಕಳಿಗೆ ಪ್ರೆಸೆಂಟ್ ಪರ್ಫೆಕ್ಟ್ ಹೇಳಿಕೊಡೋದು ಹೇಗೆ?

ತುಮಕೂರು_ಟೀಚರ್

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ನಮ್ಮ ಮಕ್ಕಳಿಗೆ ಪ್ರೆಸೆಂಟ್ ಪರ್ಫೆಕ್ಟಿನ ರಚನೆ ಚೆನ್ನಾಗೇ ಬರುತ್ತೆ. ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ. ಗೋ-ವೆಂಟ್-ಗಾನ್, ಸೀ-ಸಾ-ಸೀನ್ ಅಂತ ಪಟಪಟ ಒಪ್ಪಿಸ್ತಾರೆ. ಬಿಟ್ಟ ಸ್ಥಳ ತುಂಬಿ ಅಂದರೆ ಸರಿಯಾಗಿ ತುಂಬ್ತಾರೆ. ಸ್ವಂತವಾಗಿ ನಾಲ್ಕು ಸಾಲು ಬರೀರಿ ಅಂದಾಗ ಮಾತ್ರ ಬರೋದು ಹೀಗೆ:

‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ.’
‘ವಿ ಆರ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.’
‘ಮೈ ಗ್ರ್ಯಾಂಡ್‌ಫಾದರ್ ಹ್ಯಾಸ್ ಡೈಡ್ ಇನ್ 2015.’
‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ತುಮಕೂರು.’

ಪ್ರತಿ ವರ್ಷ ಬೇರೆ ಮಕ್ಕಳು, ತಪ್ಪುಗಳು ಮಾತ್ರ ಇವೇ. ಎಲ್ಲರೂ ಒಂದೇ ಜಾಗದಲ್ಲಿ ಎಡವ್ತಾರೆ ಅಂದರೆ ಅದು ಓದದೇ ಇರೋದರಿಂದ ಆದ ತಪ್ಪಲ್ಲ, ಅದಕ್ಕೆ ಬೇರೆ ಕಾರಣ ಇರಬೇಕು. ಗೈಡುಗಳಲ್ಲಿ ‘ಈಗಷ್ಟೇ ಮುಗಿದ ಕ್ರಿಯೆಗೆ ಪ್ರೆಸೆಂಟ್ ಪರ್ಫೆಕ್ಟ್’ ಅಂತಿರುತ್ತೆ. ಹಾಗಾದರೆ ಚಿಕ್ಕಂದಿನಲ್ಲಿ ಹಂಪಿ ನೋಡಿದವರು ಇವತ್ತು ‘ಐ ಹ್ಯಾವ್ ಸೀನ್ ಹಂಪಿ’ ಅನ್ನೋದು ಹೇಗೆ ಸರಿಯಾಗುತ್ತೆ? ಒಬ್ಬ ಹುಡುಗಿ ಕ್ಲಾಸಿನಲ್ಲಿ ಇದನ್ನೇ ಕೇಳಿದಳು. ಅವಳಿಗೆ ಒಪ್ಪಿಗೆಯಾಗೋ ಹಾಗೆ ವಿವರಿಸಬೇಕು. ಪಾಠ ಮಾಡುವವರು, ದಿನಾ ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ.

ಬಯಲುಸೀಮೆ_ಹುಡುಗ

ಮೇಡಂ, ನಮಗೆ ಕೋಚಿಂಗಿನಲ್ಲಿ ಹೇಳಿಕೊಟ್ಟದ್ದು ಇಷ್ಟೇ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಅಗೋ, ಇಸವಿ ಇವೆಲ್ಲ ಬಂದರೆ ಸಿಂಪಲ್ ಪಾಸ್ಟ್, ಅಂದರೆ ಸಾ, ವೆಂಟ್ ಥರದ ಎರಡನೇ ರೂಪ. ಜಸ್ಟ್, ಆಲ್‌ರೆಡಿ, ಯೆಟ್, ಎವರ್, ನೆವರ್, ಸಿನ್ಸ್, ಫಾರ್ ಬಂದರೆ ಪ್ರೆಸೆಂಟ್ ಪರ್ಫೆಕ್ಟ್. ಬ್ಯಾಂಕ್ ಪರೀಕ್ಷೆಗೆ ಇದು ಸಾಕು.

ಮಲೆನಾಡ_ಓದುಗ

ಪರೀಕ್ಷೆಗೆ ಸಾಕು, ಬರವಣಿಗೆಗೆ ಸಾಲದು. ‘ಫಾರ್’ ಬಂದ ಮಾತ್ರಕ್ಕೆ ಪರ್ಫೆಕ್ಟ್ ಆಗೋದಿಲ್ಲ. ‘ಐ ಲಿವ್ಡ್ ಇನ್ ಮೈಸೂರು ಫಾರ್ ತ್ರೀ ಇಯರ್ಸ್’ ಸರಿಯಾದ ವಾಕ್ಯವೇ. ಈಗ ಅಲ್ಲಿಲ್ಲ ಅಂತ ಅರ್ಥ, ಅಷ್ಟೇ. ಇನ್ನು ‘ಐ ಹ್ಯಾವ್ ಲಾಸ್ಟ್ ಮೈ ಕೀಸ್’ ಅನ್ನೋ ವಾಕ್ಯದಲ್ಲಿ ಈ ಪಟ್ಟಿಯ ಒಂದು ಪದವೂ ಇಲ್ಲ. ಅಲ್ಲಿ ಮಗು ಏನು ನೋಡಿ ತೀರ್ಮಾನ ಮಾಡಬೇಕು?

ಟೀಚರ್ ಕೇಳಿದ ಕಾರಣ ಇರೋದು ನಮ್ಮ ಕನ್ನಡದಲ್ಲೇ. ‘ನೋಡಿದ್ದೇನೆ’ ಅನ್ನೋದು ‘ನೋಡಿ’ ಮತ್ತು ‘ಇದ್ದೇನೆ’ ಸೇರಿ ಆದದ್ದು. ನೋಡಿದ್ದು ಮುಗಿದಿದೆ, ಇರೋದು ಈಗ. ಇಂಗ್ಲಿಷಿನ ‘ಹ್ಯಾವ್ ಸೀನ್’ ಕೂಡ ಇದೇ ಬಗೆಯದು. ಅದಕ್ಕೇ ನಮ್ಮಲ್ಲಿ ಬೋರ್ಡಿನ ಮೇಲೆ ‘ನೋಡಿದೆ’ ಅಂದರೆ ಸಾ, ‘ನೋಡಿದ್ದೇನೆ’ ಅಂದರೆ ಹ್ಯಾವ್ ಸೀನ್, ‘ನೋಡಿದ್ದೆ’ ಅಂದರೆ ಹ್ಯಾಡ್ ಸೀನ್ ಅಂತ ಸಾಲಾಗಿ ಬರೆದು ಹೇಳಿಕೊಡ್ತಾರೆ. ಬಹಳ ಚೆನ್ನಾಗಿ ಹೊಂದುತ್ತೆ. ಆ ಹೊಂದಾಣಿಕೆಯನ್ನು ನಂಬಿದ್ದರಿಂದಲೇ ಮಕ್ಕಳು ತಪ್ಪು ಮಾಡ್ತಿರೋದು.

ಇವತ್ತಿನ ಯಾವುದಾದರೂ ಕನ್ನಡ ಪತ್ರಿಕೆ ತೆಗೀರಿ. ‘ಮಂಗಳವಾರ ರಾತ್ರಿ ಇಬ್ಬರು ಮೃತಪಟ್ಟಿದ್ದಾರೆ’, ‘ಸಚಿವರು ಭಾನುವಾರ ತಿಳಿಸಿದ್ದಾರೆ’. ನಮಗೆ ಇದು ಸಹಜ ಕನ್ನಡ. ದಿನ, ಗಂಟೆ, ಇಸವಿ ಏನು ಹೇಳಿದರೂ ‘-ಇದ್ದಾರೆ’ ಅನ್ನೋ ರೂಪ ಒಪ್ಪಿಕೊಳ್ಳುತ್ತೆ. ಇಂಗ್ಲಿಷ್ ಒಪ್ಪೋದಿಲ್ಲ. ಇಂಗ್ಲಿಷ್ ವರದಿಯಲ್ಲಿ ಮೊದಲ ವಾಕ್ಯ ‘ಟು ಪೀಪಲ್ ಹ್ಯಾವ್ ಡೈಡ್ ಇನ್ ಎ ರೋಡ್ ಆ್ಯಕ್ಸಿಡೆಂಟ್’ ಅಂತ ಇದ್ದರೆ, ದಿನ ಹೇಳುವ ವಾಕ್ಯ ಬಂದ ಕೂಡಲೇ ‘ದಿ ಆ್ಯಕ್ಸಿಡೆಂಟ್ ಹ್ಯಾಪನ್ಡ್ ಆನ್ ಟ್ಯೂಸ್‌ಡೇ ನೈಟ್’ ಅಂತ ಸಿಂಪಲ್ ಪಾಸ್ಟಿಗೆ ಹೊರಳುತ್ತೆ. ನಮ್ಮ ಮಗು ‘ನಿನ್ನೆ ಅವನನ್ನ ನೋಡಿದ್ದೀನಿ’ ಅಂತ ಕನ್ನಡದಲ್ಲಿ ಸರಿಯಾಗಿ ಯೋಚಿಸಿ, ರೂಪಕ್ಕೆ ರೂಪ ಇಟ್ಟು ಬರೆದಿದೆ. ಅದರ ತರ್ಕದಲ್ಲಿ ದೋಷ ಇಲ್ಲ. ಇಂಗ್ಲಿಷಿಗೆ ಇನ್ನೊಂದು ಕಟ್ಟುಪಾಡು ಇದೆ ಅಂತ ಯಾರೂ ಅದಕ್ಕೆ ಹೇಳಿಲ್ಲ.

ಆ ಕಟ್ಟುಪಾಡು ಇದು. ಮಾತಾಡುವವರ ಕಣ್ಣು ಈಗಿನ ಮೇಲೆ ಇದ್ದರೆ ಪ್ರೆಸೆಂಟ್ ಪರ್ಫೆಕ್ಟ್. ಮುಗಿದುಹೋದ ಒಂದು ಹೊತ್ತಿನ ಮೇಲೆ ಇದ್ದರೆ ಸಿಂಪಲ್ ಪಾಸ್ಟ್. ಕೆಲಸ ಎಷ್ಟು ಹಿಂದೆ ಆಯ್ತು ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. ಹಂಪಿ ನೋಡಿ ಮೂವತ್ತು ವರ್ಷ ಆಗಿದ್ದರೂ, ‘ನಾನು ಈಗ ಹಂಪಿ ಗೊತ್ತಿರುವ ಮನುಷ್ಯ’ ಅಂತ ಹೇಳುವಾಗ ‘ಹ್ಯಾವ್ ಸೀನ್’. ಐದು ನಿಮಿಷದ ಹಿಂದೆ ಬಾಗಿಲು ಹಾಕಿದ್ದರೂ ‘ಐದು ನಿಮಿಷದ ಹಿಂದೆ’ ಅಂತ ಬಾಯಲ್ಲಿ ಬಂದರೆ ‘ಐ ಕ್ಲೋಸ್ಡ್ ಇಟ್ ಫೈವ್ ಮಿನಿಟ್ಸ್ ಅಗೋ’. ಆ ಹುಡುಗಿ ಕೇಳಿದ ಪ್ರಶ್ನೆ ಬಹಳ ಒಳ್ಳೇದು. ‘ಈಗಷ್ಟೇ ಮುಗಿದ ಕ್ರಿಯೆ’ ಅನ್ನೋ ವಿವರಣೆಯನ್ನ ಗೈಡುಗಳಿಂದ ತೆಗೆದುಹಾಕಬೇಕು ಅಂತ ನನ್ನ ಅಭಿಪ್ರಾಯ.

ಧಾರವಾಡದಾಂವ

ಸರ್ ಹೇಳಿದ್ದು ಖರೇ. ನಮ್ಮ ಕಡೆ ‘ಬಂದಾನ’, ‘ಹೋಗ್ಯಾನ’, ‘ನೋಡೀನಿ’ ಅಂತೀವಿ. ‘ನಿನ್ನಿ ನೋಡೀನ್ರಿ ಅವನ್ನ’ ಅಂತ ಧಾರಾಳ ಮಾತಾಡ್ತೀವಿ, ಯಾರಿಗೂ ವಿಚಿತ್ರ ಅನಿಸೂದಿಲ್ಲ. ಅದನ್ನ ಹಂಗ ಇಂಗ್ಲಿಷಿಗೆ ಎತ್ತಿದ್ರ ‘ಹ್ಯಾವ್ ಸೀನ್ ಯೆಸ್ಟರ್‌ಡೇ’ನ ಬರೂದು.

ಭಾಷಾವಿಜ್ಞಾನ_ಎಂಎ

ಮಲೆನಾಡ_ಓದುಗರು ‘ಕಣ್ಣು ಎಲ್ಲಿದೆ’ ಅಂತ ಹೇಳಿದ್ದಕ್ಕೆ ಭಾಷಾಶಾಸ್ತ್ರದಲ್ಲಿ ಒಂದು ಲೆಕ್ಕಾಚಾರ ಇದೆ. ಹಾನ್ಸ್ ರೈಕನ್‌ಬಾಕ್ ಅನ್ನೋ ತತ್ವಶಾಸ್ತ್ರಜ್ಞ 1947ರಲ್ಲಿ ಮುಂದಿಟ್ಟದ್ದು. ಕಾಲವನ್ನ ಮೂರು ಬಿಂದುಗಳಲ್ಲಿ ನೋಡ್ತಾನೆ: ಮಾತಾಡ್ತಿರೋ ಹೊತ್ತು, ಕೆಲಸ ನಡೆದ ಹೊತ್ತು, ಮತ್ತು ನಾವು ಯಾವ ಹೊತ್ತಿನಲ್ಲಿ ನಿಂತು ನೋಡ್ತಿದ್ದೀವೋ ಆ ಹೊತ್ತು. ‘ಐ ಸಾ’ದಲ್ಲಿ ನಾವು ಕೆಲಸ ನಡೆದ ಹೊತ್ತಿಗೇ ಹೋಗಿ ನಿಂತಿರ್ತೀವಿ. ‘ಐ ಹ್ಯಾವ್ ಸೀನ್’ನಲ್ಲಿ ಮಾತಾಡ್ತಿರೋ ಹೊತ್ತಿನಲ್ಲೇ ನಿಂತು ಹಿಂದಕ್ಕೆ ನೋಡ್ತೀವಿ. ‘ಐ ಹ್ಯಾಡ್ ಸೀನ್’ನಲ್ಲಿ ಹಿಂದಿನ ಯಾವುದೋ ಒಂದು ಹೊತ್ತಿನಲ್ಲಿ ನಿಂತು ಅದಕ್ಕೂ ಹಿಂದಕ್ಕೆ ನೋಡ್ತೀವಿ.

ಒಂದು ಗೆರೆ ಎಳೆದು ಮೂರು ಚುಕ್ಕೆ ಇಟ್ಟರೆ ಹತ್ತನೇ ಕ್ಲಾಸಿನ ಮಕ್ಕಳಿಗೂ ಅರ್ಥವಾಗುತ್ತೆ ಮೇಡಂ. ‘ಯೆಸ್ಟರ್‌ಡೇ’ ಜೊತೆ ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಯಾಕೆ ಕೂಡೋದಿಲ್ಲ ಅನ್ನೋದು ವಿದ್ವಾಂಸರಿಗೂ ಸುಲಭದ ಪ್ರಶ್ನೆಯಲ್ಲ. ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಇದನ್ನೇ ‘ಪ್ರೆಸೆಂಟ್ ಪರ್ಫೆಕ್ಟಿನ ಒಗಟು’ ಅಂತ ಕರೆದು ಚರ್ಚೆ ಮಾಡಿದ್ದಾರೆ.

ಬರ್ಲಿನ್_ಕನ್ನಡಿಗ

ಒಗಟು ಅನಿಸೋಕೆ ಕಾರಣ, ಪಕ್ಕದ ಭಾಷೆಗಳೇ ಇಂಗ್ಲಿಷಿನ ಜೊತೆ ಇಲ್ಲ. ಜರ್ಮನಿನಲ್ಲಿ ‘ಇಶ್ ಹಾಬೆ ಈನ್ ಗೆಸ್ಟರ್ನ್ ಗೆಸೇನ್’ ಅಂದರೆ ಅಕ್ಷರಕ್ಕೆ ಅಕ್ಷರ ‘ಐ ಹ್ಯಾವ್ ಹಿಮ್ ಯೆಸ್ಟರ್‌ಡೇ ಸೀನ್’. ಇಲ್ಲಿ ಎಲ್ಲರೂ ಆಡೋದೇ ಹೀಗೆ. ಫ್ರೆಂಚರೂ ಹಾಗೇ. ಇನ್ನು ‘ಹತ್ತು ವರ್ಷದಿಂದ ಇಲ್ಲಿ ವಾಸವಾಗಿದ್ದೀನಿ’ ಅನ್ನೋಕೆ ಜರ್ಮನರೂ ನಮ್ಮ ಥರ ವರ್ತಮಾನವನ್ನೇ ಬಳಸ್ತಾರೆ. ಹಾಗಾಗಿ ನನ್ನ ಆಫೀಸಿನ ಜರ್ಮನರು ಇಂಗ್ಲಿಷ್ ಮಾತಾಡುವಾಗ ಮಾಡೋ ತಪ್ಪುಗಳೂ ಟೀಚರ್ ಬರೆದ ಮೊದಲೆರಡು ಸಾಲಿನವೇ. ಇದನ್ನ ಮಕ್ಕಳಿಗೆ ಹೇಳಿ ಮೇಡಂ. ತಾವು ದಡ್ಡರು ಅನ್ನೋ ಭಾವನೆ ಹೋಗುತ್ತೆ.

ತುಮಕೂರು_ಟೀಚರ್

ಇದು ನನಗೆ ತುಂಬ ಬೇಕಾಗಿದ್ದ ಮಾತು. ಇಂಗ್ಲಿಷ್ ಅಂದರೆ ನಮ್ಮ ಮಕ್ಕಳಿಗೆ ಮೊದಲು ಬರೋದು ನಾಚಿಕೆ, ಆಮೇಲೆ ಭಾಷೆ.

ಮಲೆನಾಡ_ಓದುಗ ಸರ್, ‘ಕಣ್ಣು ಈಗಿನ ಮೇಲೆ’ ಅನ್ನೋದು ನನಗೆ ಅರ್ಥವಾಗುತ್ತೆ. ಹದಿನೈದು ವರ್ಷದ ಮಗುವಿಗೆ ಅದನ್ನ ಅನುಭವಕ್ಕೆ ತರೋದು ಹೇಗೆ? ಕನ್ನಡದಲ್ಲೇ ಅಂಥದ್ದು ಏನಾದರೂ ಇದ್ದರೆ ಅನುಕೂಲ.

ಮಲೆನಾಡ_ಓದುಗ

ಇದೆ. ಇಲ್ಲ ಅನ್ನೋ ವಾಕ್ಯಗಳಲ್ಲಿ ನೋಡಿ. ‘ಬಂದಿಲ್ಲ’ ಮತ್ತು ‘ಬರಲಿಲ್ಲ’.

ಮದುವೆ ಮನೆ ಅಂದ್ಕೊಳ್ಳಿ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ, ಎಲ್ಲರೂ ಬಾಗಿಲ ಕಡೆ ನೋಡ್ತಿದ್ದಾರೆ. ಆಗ ಹೇಳೋದು ‘ಸೋದರಮಾವ ಬಂದಿಲ್ಲ’. ಮದುವೆ ಮುಗಿದು, ಬೀಗರು ಹೊರಟು, ಪೆಂಡಾಲು ಬಿಚ್ಚಿದ ಮೇಲೆ ಹೇಳೋದು ‘ಸೋದರಮಾವ ಬರಲಿಲ್ಲ’. ಮೊದಲನೆಯದು ‘ಹಿ ಹ್ಯಾಸಂಟ್ ಕಮ್’, ಎರಡನೆಯದು ‘ಹಿ ಡಿಡಂಟ್ ಕಮ್’. ಎರಡು ಸಂದರ್ಭದಲ್ಲೂ ಮಾವ ಬಂದಿಲ್ಲ ಅನ್ನೋ ಸಂಗತಿ ಒಂದೇ. ಬದಲಾಗಿರೋದು ಬರೋಕೆ ಇನ್ನೂ ಹೊತ್ತಿದೆಯೋ ಇಲ್ಲವೋ ಅನ್ನೋದು.

ಈ ವ್ಯತ್ಯಾಸವನ್ನ ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ಕಲಿತಿರ್ತಾರೆ. ಯಾರೂ ವ್ಯಾಕರಣ ಹೇಳಿಕೊಟ್ಟಿರೋದಿಲ್ಲ. ಊಟಕ್ಕೆ ಕರೆದರೆ ‘ಹೋಂವರ್ಕ್ ಮುಗಿದಿಲ್ಲ’ ಅಂತಾರೆ. ಮರುದಿನ ಕ್ಲಾಸಿನಲ್ಲಿ ನಿಂತು ‘ಕರೆಂಟ್ ಹೋಗಿತ್ತು, ಮುಗೀಲಿಲ್ಲ’ ಅಂತಾರೆ. ಹಾಗಾಗಿ ನನ್ನ ಸಲಹೆ: ಯಾವ ಟೆನ್ಸ್ ಅಂತ ಗೊತ್ತಾಗದಿದ್ದಾಗ ವಾಕ್ಯವನ್ನ ಮನಸ್ಸಿನಲ್ಲಿ ‘ಇಲ್ಲ’ ಹಾಕಿ ತಿರುಗಿಸು. ‘ನೋಡಿಲ್ಲ’ ಅಂತ ಬಂದರೆ ಹ್ಯಾವ್. ‘ನೋಡಲಿಲ್ಲ’ ಅಂತ ಬಂದರೆ ಡಿಡ್. ‘ನಿನ್ನೆ ನೋಡಿದ್ದೀನಿ’ಯನ್ನ ತಿರುಗಿಸಿದರೆ ಸಹಜವಾಗಿ ಬರೋದು ‘ನಿನ್ನೆ ನೋಡಲಿಲ್ಲ’. ಅಲ್ಲಿಗೆ ‘ಐ ಸಾ ಹಿಮ್ ಯೆಸ್ಟರ್‌ಡೇ’.

ಕುಂದಾಪ್ರ_ಕೂಸು

ಒಂದು ತಕರಾರು. ‘ನಿನ್ನೆ ಅವನು ಶಾಲೆಗೆ ಬಂದಿಲ್ಲ’ ಅಂತಲೂ ಹೇಳ್ತೇವಲ್ಲ? ಹಾಗೇ ‘ಬಸ್ಸು ಇನ್ನೂ ಬರ್ಲಿಲ್ಲ’ ಅನ್ನುವವರೂ ಇದ್ದಾರೆ. ಆಗ ಈ ಪರೀಕ್ಷೆ ಕೈಕೊಡ್ತದೆ.

ಮಲೆನಾಡ_ಓದುಗ

ಒಪ್ಪಿದೆ, ಎರಡೂ ಕೇಳಿಬರುತ್ತೆ. ಇದು ಅಳತೆಗೋಲಲ್ಲ, ಮಗುವಿಗೆ ಆ ಭಾವನೆಯನ್ನ ಪರಿಚಯ ಮಾಡಿಸೋ ದಾರಿ ಮಾತ್ರ. ‘ಬಂದಿಲ್ಲ’ ಅಂದಾಗ ಹೊತ್ತು ಇನ್ನೂ ಇದೆ, ‘ಬರಲೇ ಇಲ್ಲ’ ಅಂದಾಗ ಹೊತ್ತು ಮುಗೀತು ಅಂತ ಒಮ್ಮೆ ಹೊಳೆದರೆ, ಆಮೇಲೆ ಯೆಸ್ಟರ್‌ಡೇ, ಅಗೋ ಪಟ್ಟಿ ಕೊಟ್ಟರೂ ಅದು ಬಾಯಿಪಾಠ ಆಗೋದಿಲ್ಲ. ಸಂಶಯ ಬಂದಲ್ಲಿ ‘-ಲೇ ಇಲ್ಲ’ ಹಾಕಿ ನೋಡೋಕೆ ಹೇಳಿ, ಇನ್ನೂ ಸ್ಪಷ್ಟವಾಗುತ್ತೆ.

ಲೀಡ್ಸ್_ನರ್ಸ್

ನಾನು ಇಂಗ್ಲೆಂಡಿನಲ್ಲಿ ನರ್ಸ್. ನಮ್ಮ ವಾರ್ಡಿನಲ್ಲಿ ಈ ಎರಡು ಟೆನ್ಸುಗಳ ಮಧ್ಯೆ ದಿನವಿಡೀ ಓಡಾಟ. ಮಾತು ಶುರು ಮಾಡೋದು ಪ್ರೆಸೆಂಟ್ ಪರ್ಫೆಕ್ಟಿನಲ್ಲಿ, ವಿವರಕ್ಕೆ ಹೋದ ಕೂಡಲೇ ಸಿಂಪಲ್ ಪಾಸ್ಟ್. ಹೊಸದಾಗಿ ಬಂದ ಪೇಷಂಟಿಗೆ ಕೇಳೋದು ಹೀಗಿರುತ್ತೆ:

‘ಹ್ಯಾವ್ ಯು ಎವರ್ ಹ್ಯಾಡ್ ಎನಿ ಆಪರೇಷನ್ಸ್?’
‘ಯೆಸ್, ಐ ಹ್ಯಾವ್.’
‘ವೆನ್ ವಾಸ್ ದ್ಯಾಟ್? ವಾಟ್ ಡಿಡ್ ದೆ ಡೂ?’
‘ದೆ ಟುಕ್ ಔಟ್ ಮೈ ಅಪೆಂಡಿಕ್ಸ್ ಇನ್ 2009.’

ಮೊದಲ ಪ್ರಶ್ನೆ ಇಡೀ ಜೀವಮಾನಕ್ಕೆ ಸೇರಿದ್ದು, ಪೇಷಂಟ್ ಎದುರಿಗೇ ಇದ್ದಾರೆ, ಜೀವಮಾನ ಇನ್ನೂ ನಡೀತಿದೆ. ಎರಡನೇ ಪ್ರಶ್ನೆಗೆ ಬರೋ ಹೊತ್ತಿಗೆ ಆ ಒಂದು ಆಪರೇಷನ್ನಿನ ದಿನಕ್ಕೆ ಹೋಗಿರ್ತೀವಿ. ಡ್ಯೂಟಿ ಬದಲಾಗುವಾಗಲೂ ಅಷ್ಟೇ. ‘ಹ್ಯಾಸ್ ಹಿ ಟೇಕನ್ ಹಿಸ್ ಟ್ಯಾಬ್ಲೆಟ್ಸ್?’ ಅಂತ ಕೇಳಿದರೆ ಅದರ ಅರ್ಥ ‘ನಾನು ಈಗ ಕೊಡಬೇಕಾ ಬೇಡವಾ’. ‘ಹಿ ಟುಕ್ ದೆಮ್ ಅಟ್ ಏಯ್ಟ್’ ಅಂತ ಉತ್ತರ. ಮಕ್ಕಳಿಗೆ ಬಿಡಿ ವಾಕ್ಯ ಕೊಡೋ ಬದಲು ಇಂಥ ಸಂಭಾಷಣೆ ಕೊಡಿ ಮೇಡಂ. ಇಬ್ಬರಿಬ್ಬರು ಮಕ್ಕಳು ಡಾಕ್ಟರ್, ಪೇಷಂಟ್ ಆಗಿ ಮಾತಾಡಲಿ.

ಇನ್ನೊಂದು ಎಚ್ಚರಿಕೆ. ಇಲ್ಲಿ ‘ಹಿ ಈಸ್ ಸಿಕ್’ ಅಂದರೆ ಹುಷಾರಿಲ್ಲ. ‘ಹೀಸ್ ಬೀನ್ ಸಿಕ್’ ಅಂದರೆ ಹೆಚ್ಚಾಗಿ ವಾಂತಿ ಮಾಡಿಕೊಂಡಿದ್ದಾನೆ ಅಂತ ಅರ್ಥ. ‘ಹೀಸ್’ ಅನ್ನೋದು ಹಿ ಈಸ್ ಕೂಡ ಹೌದು, ಹಿ ಹ್ಯಾಸ್ ಕೂಡ ಹೌದು. ಮುಂದೆ ಬರೋ ಪದ ನೋಡಿಯೇ ತಿಳಿಯಬೇಕು. ‘ಐ ಹ್ಯಾವ್’ ಅನ್ನೋದು ಮಾತಿನಲ್ಲಿ ‘ಐವ್’ ಆಗಿ, ಕೊನೆಯ ‘ವ್’ ಕಿವಿಗೆ ಬೀಳೋದೇ ಇಲ್ಲ. ಕೇಳಿ ಕಲಿಯುವ ಮಕ್ಕಳು ‘ಐ ಸೀನ್’ ಅಂತ ಬರೆಯೋದು ಅದಕ್ಕೇ.

ಬೆಂಗಳೂರು_ಎಚ್‌ಆರ್

ಇಂಟರ್‌ವ್ಯೂ ಮಾಡುವವಳಾಗಿ ಒಂದು ಮಾತು ಸೇರಿಸ್ತೀನಿ. ಈ ಟೆನ್ಸಿನಿಂದ ಸಂಗತಿಯೇ ಬದಲಾಗಿಬಿಡುತ್ತೆ. ‘ಐ ವರ್ಕ್ಡ್ ದೇರ್ ಫಾರ್ ಟು ಇಯರ್ಸ್’ ಅಂದರೆ ಆ ಕೆಲಸ ಬಿಟ್ಟಾಗಿದೆ. ‘ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಟು ಇಯರ್ಸ್’ ಅಂದರೆ ಕೇಳುವವರು ಸಾಮಾನ್ಯವಾಗಿ ಈಗಲೂ ಅಲ್ಲೇ ಇದ್ದೀರಿ ಅಂತಲೇ ತಿಳ್ಕೋತಾರೆ. ಮುಂದಿನ ಪ್ರಶ್ನೆ ‘ನೋಟಿಸ್ ಪೀರಿಯಡ್ ಎಷ್ಟು?’ ಅಂತ ಬರುತ್ತೆ. ಪಾಪ, ಕೆಲಸ ಬಿಟ್ಟು ಆರು ತಿಂಗಳಾದ ಹುಡುಗ ಗಾಬರಿಯಾಗ್ತಾನೆ. ಬಿಟ್ಟ ಕೆಲಸಕ್ಕೆಲ್ಲ ಸಿಂಪಲ್ ಪಾಸ್ಟ್, ಈಗಿನ ಕೆಲಸಕ್ಕೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2022’. ಡಿಗ್ರಿ ಮುಗಿಸಿ ಹಳ್ಳಿಯಿಂದ ಬರೋ ಮಕ್ಕಳಿಗೆ ಇದೊಂದನ್ನ ಯಾರಾದರೂ ಕಾಲೇಜಿನಲ್ಲೇ ಹೇಳಿಕೊಟ್ಟರೆ ದೊಡ್ಡ ಉಪಕಾರ.

ತುಮಕೂರು_ಟೀಚರ್

ಸಿನ್ಸ್ ಮತ್ತು ಫಾರ್ ಬಗ್ಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀರಾ? ರಜಾ ಅರ್ಜಿಯಲ್ಲಿ ಮಕ್ಕಳು ತಪ್ಪದೇ ಬರೆಯೋ ಸಾಲು ‘ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟು ಡೇಸ್’.

ಮಲೆನಾಡ_ಓದುಗ

ಆ ಒಂದು ಸಾಲಿನಲ್ಲಿ ಎರಡು ತೊಡಕಿದೆ, ಬೇರೆ ಬೇರೆ ಮಾಡಿ ನೋಡೋಣ.

ಒಂದು, ನಮ್ಮ ‘-ಇಂದ’. ‘ಸೋಮವಾರದಿಂದ ಜ್ವರ’, ‘ಎರಡು ದಿನದಿಂದ ಜ್ವರ’, ಎರಡಕ್ಕೂ ನಾವು ಒಂದೇ ಪ್ರತ್ಯಯ ಹಚ್ತೀವಿ. ಇಂಗ್ಲಿಷ್ ಇಲ್ಲಿ ಎರಡು ದಾರಿ ಮಾಡುತ್ತೆ. ಯಾವಾಗ ಶುರುವಾಯ್ತು ಅಂತ ಹೇಳಿದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ದಿಸ್ ಮಾರ್ನಿಂಗ್, ಸಿನ್ಸ್ 2019. ಎಷ್ಟು ಹೊತ್ತು ಅಂತ ಹೇಳಿದರೆ ಫಾರ್: ಫಾರ್ ಟು ಡೇಸ್, ಫಾರ್ ಟೆನ್ ಇಯರ್ಸ್. ಮಕ್ಕಳಿಗೆ ‘ಯಾವತ್ತಿಂದ?’ ಅಂತ ಕೇಳಿ, ಉತ್ತರ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸೋ ಹಾಗಿದ್ದರೆ ಸಿನ್ಸ್. ‘ಎಷ್ಟು ದಿನ?’ ಅನ್ನೋದಕ್ಕೆ ಉತ್ತರವಾದರೆ ಫಾರ್.

ಎರಡು, ಕ್ರಿಯಾಪದ. ಜ್ವರ ಈಗಲೂ ಇದೆ, ಹಾಗಾಗಿ ಕನ್ನಡದಲ್ಲಿ ‘ಎರಡು ದಿನದಿಂದ ಜ್ವರ ಇದೆ’ ಅಂತ ವರ್ತಮಾನ. ಇಂಗ್ಲಿಷಿಗೆ ಅಷ್ಟು ಸಾಲದು. ಎರಡು ದಿನದ ಹಿಂದಿನಿಂದ ಈ ಕ್ಷಣದವರೆಗೆ ಅಂತ ಪೂರ್ತಿ ಹರವು ಹೇಳಬೇಕಾದರೆ ಅದು ಪ್ರೆಸೆಂಟ್ ಪರ್ಫೆಕ್ಟನ್ನೇ ಕೇಳುತ್ತೆ. ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟು ಡೇಸ್’. ಸಫರಿಂಗ್ ಬೇಕೇ ಬೇಕು ಅಂದರೆ ‘ಐ ಹ್ಯಾವ್ ಬೀನ್ ಸಫರಿಂಗ್’.

‘ಹ್ಯಾವ್ ಹ್ಯಾಡ್’ ನೋಡಿ ಮಕ್ಕಳು ಅಚ್ಚಿನ ತಪ್ಪು ಅಂದ್ಕೋತಾರೆ. ಅದನ್ನ ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಮೊದಲ ಹ್ಯಾವ್ ಟೆನ್ಸಿನದು, ಎರಡನೇ ಹ್ಯಾಡ್ ‘ಜ್ವರ ಇರೋದು’ ಅನ್ನೋ ಕ್ರಿಯಾಪದದ ಮೂರನೇ ರೂಪ. ಹ್ಯಾವ್-ಹ್ಯಾಡ್-ಹ್ಯಾಡ್. ‘ಹ್ಯಾವ್ ಸೀನ್’ನಲ್ಲಿ ಸೀನ್ ಇರೋ ಜಾಗದಲ್ಲೇ ಇಲ್ಲಿ ಹ್ಯಾಡ್ ಇದೆ.

ಪಿಯುಸಿ_ವಿದ್ಯಾರ್ಥಿನಿ

ಸರ್, ಹ್ಯಾವ್ ಅಂದರೆ ‘ನನ್ನ ಹತ್ರ ಇದೆ’ ಅಂತ ಅಲ್ವಾ? ‘ಐ ಹ್ಯಾವ್ ಎ ಪೆನ್’ ಥರ. ಅದು ಈ ಟೆನ್ಸಿನೊಳಗೆ ಯಾಕೆ ಬಂತು?

ಭಾಷಾವಿಜ್ಞಾನ_ಎಂಎ

ಒಳ್ಳೇ ಪ್ರಶ್ನೆ ಮರಿ. ಹುಟ್ಟಿದ್ದೇ ಆ ‘ನನ್ನ ಹತ್ರ ಇದೆ’ ಇಂದ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ನನ್ನ ಹತ್ತಿರ ಬರೆದ ಕಾಗದ ಇದೆ’ ಅನ್ನೋ ಬಗೆಯ ವಾಕ್ಯ ಇತ್ತು. ಬರೆದ ಕಾಗದ ನನ್ನ ಹತ್ತಿರ ಇದೆ ಅಂದರೆ ಸಾಮಾನ್ಯವಾಗಿ ಬರೆದವನು ನಾನೇ. ಕಾಲ ಕಳೆದ ಹಾಗೆ ಹತ್ತಿರ ಇರೋ ಅರ್ಥ ಸವೆದು, ‘ಬರೆದು ಮುಗಿಸಿದ್ದೇನೆ’ ಅನ್ನೋ ಅರ್ಥ ಉಳಿಯಿತು.

ಇನ್ನೊಂದು ವಿಷಯ ನಿನಗೆ ಇಷ್ಟವಾಗಬಹುದು. ಹೋಗು, ಬಾ, ಏಳು ಥರದ ಕ್ರಿಯಾಪದಗಳಿಗೆ ಇಂಗ್ಲಿಷ್ ಬಹಳ ಕಾಲ ಹ್ಯಾವ್ ಬದಲು ‘ಈಸ್’ ಬಳಸ್ತಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು ಎದ್ದಿದ್ದಾನೆ ಅನ್ನೋದಕ್ಕೆ ‘ಹಿ ಈಸ್ ರಿಸನ್’ ಅಂತಲೇ ಇದೆ. ‘ಎದ್ದು ಇದ್ದಾನೆ’, ಥೇಟ್ ನಮ್ಮ ಹಾಗೆ! ಕನ್ನಡದಲ್ಲಿ ಹ್ಯಾವ್‌ಗೆ ಸಮನಾದ ಬಳಕೆಯ ಕ್ರಿಯಾಪದ ಇಲ್ಲ, ನಾವು ಎಲ್ಲಕ್ಕೂ ‘ಇರು’ವನ್ನೇ ನಂಬಿದವರು.

ಚಿನ್ನಸ್ವಾಮಿ_ಸ್ಟ್ಯಾಂಡ್

ಕ್ರಿಕೆಟ್ ಅಭಿಮಾನಿಯಾಗಿ ಒಂದು ಉದಾಹರಣೆ ಕೊಡ್ತೀನಿ, ಸರಿಯಾ ನೋಡಿ. ಟೆಸ್ಟ್ ಇನಿಂಗ್ಸಿನಲ್ಲಿ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದವರು ಮೂರೇ ಜನ. 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್, 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ನಮ್ಮ ಅನಿಲ್ ಕುಂಬ್ಳೆ, 2021ರಲ್ಲಿ ಮುಂಬೈಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್. ‘ಕುಂಬ್ಳೆ ಟುಕ್ ಆಲ್ ಟೆನ್ ವಿಕೆಟ್ಸ್ ಇನ್ 1999’ ಸಿಂಪಲ್ ಪಾಸ್ಟ್. ಆದರೆ ‘ಓನ್ಲಿ ತ್ರೀ ಬೌಲರ್ಸ್ ಹ್ಯಾವ್ ಟೇಕನ್ ಆಲ್ ಟೆನ್’ ಅಂತ ಪ್ರೆಸೆಂಟ್ ಪರ್ಫೆಕ್ಟ್. ಲೇಕರ್ 1986ರಲ್ಲೇ ತೀರಿಕೊಂಡರು. ಸತ್ತವರು ಸೇರಿದ್ದರೂ ‘ಹ್ಯಾವ್’ ಹೇಗೆ ಬಂತು?

ಮಲೆನಾಡ_ಓದುಗ

ಪಟ್ಟಿ ಇನ್ನೂ ಮುಚ್ಚಿಲ್ಲ, ಅದಕ್ಕೆ. ನಾಳೆ ನಾಲ್ಕನೆಯವನು ಬರಬಹುದು. ವಾಕ್ಯ ಮಾತಾಡ್ತಿರೋದು ಒಬ್ಬೊಬ್ಬ ಬೌಲರಿನ ಬಗ್ಗೆ ಅಲ್ಲ, ಇವತ್ತಿನವರೆಗಿನ ದಾಖಲೆಯ ಬಗ್ಗೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ, ಮೇಡಂ ಇದನ್ನ ಖಂಡಿತ ಬಳಸಿ.

ಇದರ ಪಕ್ಕದಲ್ಲೇ ಕುವೆಂಪು ಅವರ ಉದಾಹರಣೆ ಇಡಿ. ‘ಕುವೆಂಪು ಅನೇಕ ನಾಟಕಗಳನ್ನು ಬರೆದಿದ್ದಾರೆ’ ಅಂತ ಕನ್ನಡದಲ್ಲಿ ಇವತ್ತಿಗೂ ಬರೀತೀವಿ, ಕೃತಿಗಳು ನಮ್ಮೆದುರಿಗೆ ಇವೆಯಲ್ಲ. ಇಂಗ್ಲಿಷಿನಲ್ಲಿ 1994ರಲ್ಲಿ ತೀರಿಕೊಂಡ ಕವಿಯ ಬಗ್ಗೆ ‘ಕುವೆಂಪು ಹ್ಯಾಸ್ ರಿಟನ್ ಮೆನಿ ಪ್ಲೇಸ್’ ಅಂದರೆ ಅವರು ಇನ್ನೂ ಬರೀತಿದ್ದಾರೆ ಅನ್ನೋ ಭಾವನೆ ಬರುತ್ತೆ. ಅಲ್ಲಿ ‘ರೋಟ್’ ಬೇಕು. ‘ಎಂಟು ಜನ ಕನ್ನಡದ ಲೇಖಕರಿಗೆ ಜ್ಞಾನಪೀಠ ಬಂದಿದೆ’ ಅನ್ನೋದಕ್ಕೆ ಮಾತ್ರ ‘ಏಯ್ಟ್ ಕನ್ನಡ ರೈಟರ್ಸ್ ಹ್ಯಾವ್ ವನ್’. ಒಂಬತ್ತನೆಯವರಿಗೆ ಜಾಗ ಇದೆ.

ಡಾಲಸ್_ಅಮ್ಮ

ಅಮೆರಿಕದಲ್ಲಿ ಇರುವವರ ಗಮನಕ್ಕೆ. ಇಲ್ಲಿ ‘ಡಿಡ್ ಯು ಈಟ್ ಯೆಟ್?’, ‘ಐ ಆಲ್‌ರೆಡಿ ಏಟ್’ ಅಂತ ಮಾತಿನಲ್ಲಿ ಎಲ್ಲರೂ ಹೇಳ್ತಾರೆ. ಬ್ರಿಟಿಷರು ‘ಹ್ಯಾವ್ ಯು ಈಟನ್ ಯೆಟ್?’ ಅಂತಾರೆ. ನಮ್ಮ ಶಾಲೆಯ ಪುಸ್ತಕಗಳು ಬ್ರಿಟಿಷ್ ರೂಢಿಯವು. ಹಾಗಾಗಿ ಸಿನಿಮಾ ನೋಡಿ ಕಲಿತ ಮಗು ‘ಐ ಜಸ್ಟ್ ಏಟ್’ ಅಂತ ಬರೆದರೆ ಪೂರ್ತಿ ತಪ್ಪು ಅಂತ ಗೀಟು ಹಾಕಬೇಡಿ. ‘ಹ್ಯಾವ್ ಸೀನ್ ಯೆಸ್ಟರ್‌ಡೇ’ ಮಾತ್ರ ಇಲ್ಲೂ ಇಲ್ಲ, ಅಲ್ಲೂ ಇಲ್ಲ.

ಬಯಲುಸೀಮೆ_ಹುಡುಗ

ಎಲ್ಲ ಸರಿ. ಆದರೆ ನಮ್ಮ ದೇಶದಲ್ಲಿ ಇಷ್ಟು ಜನ ‘ಹ್ಯಾವ್ ಸೀನ್ ಯೆಸ್ಟರ್‌ಡೇ’ ಅಂತ ಮಾತಾಡ್ತಾರೆ, ಎಲ್ಲರಿಗೂ ಅರ್ಥವಾಗುತ್ತೆ. ಅಮೆರಿಕದವರು ತಮಗೆ ಬೇಕಾದ ಹಾಗೆ ಬದಲಾಯಿಸಿಕೊಂಡರೆ ಅದು ಅಮೆರಿಕನ್ ಇಂಗ್ಲಿಷ್, ನಾವು ಮಾಡಿದರೆ ತಪ್ಪಾ?

ಮಲೆನಾಡ_ಓದುಗ

ನಿನ್ನ ಮಾತಿನಲ್ಲಿ ನ್ಯಾಯ ಇದೆ ತಮ್ಮ. ಭಾರತೀಯ ಇಂಗ್ಲಿಷ್ ಅನ್ನೋದು ಇದೆ, ವಿದ್ವಾಂಸರೂ ಈ ಬಳಕೆಯನ್ನ ಅದರ ಲಕ್ಷಣವಾಗಿ ಗುರುತಿಸಿದ್ದಾರೆ. ಇಬ್ಬರು ಭಾರತೀಯರು ಮಾತಾಡುವಾಗ ಯಾರನ್ನೂ ತಿದ್ದೋ ಅಗತ್ಯ ನನಗೂ ಕಾಣೋದಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ಉತ್ತರಪತ್ರಿಕೆ, ವಿದೇಶಕ್ಕೆ ಹೋಗುವವರು ಬರೆಯೋ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ಮೇಲೆ ಎಚ್‌ಆರ್ 
ಮೇಡಂ ಹೇಳಿದ ಇಂಟರ್‌ವ್ಯೂ, ಇವುಗಳಲ್ಲಿ ಅಂಕ ಹೋಗೋದು ಮಗುವಿನದು. ಇಂಗ್ಲಿಷ್ ಮೀಡಿಯಮ್ಮಿನ ಮಕ್ಕಳಿಗೆ ಸಿಗೋ ತಿಳುವಳಿಕೆ ಕನ್ನಡ ಮಾಧ್ಯಮದ ಮಕ್ಕಳಿಗೂ ಪೂರ್ತಿ ಸಿಗಲಿ ಅನ್ನೋದಷ್ಟೇ ನನ್ನ ಹಟ.

ಕುಂದಾಪ್ರ_ಕೂಸು

‘ಹ್ಯಾಡ್ ಗಾನ್’ ಬಗ್ಗೆ ಯಾರೂ ಹೇಳಲಿಲ್ಲ. ಟೀಚರಿನ ನಾಲ್ಕನೇ ಸಾಲು.

ಮಲೆನಾಡ_ಓದುಗ

ಹೌದು. ‘ನಿನ್ನೆ ತುಮಕೂರಿಗೆ ಹೋಗಿದ್ದೆ’ ಅಂದಾಗ ಕನ್ನಡದಲ್ಲಿ ‘ಹೋಗಿ ವಾಪಸ್ ಬಂದೆ’ ಅನ್ನೋದು ಅಡಗಿದೆ. ಇಂಗ್ಲಿಷಿನ ಹ್ಯಾಡ್ ಗಾನ್‌ಗೆ ಆ ಅರ್ಥ ಇಲ್ಲ. ಅದು ಬರಬೇಕಾದರೆ ಆಗಿಹೋದ ಇನ್ನೊಂದು ಘಟನೆ ಜೊತೆಗೆ ಬೇಕು, ಹೋದದ್ದು ಆ ಘಟನೆಗಿಂತ ಮುಂಚೆ ಆಗಿರಬೇಕು: ‘ವೆನ್ ಯು ಕಾಲ್ಡ್, ಐ ಹ್ಯಾಡ್ ಗಾನ್ ಟು ತುಮಕೂರು’. ಬರೀ ನಿನ್ನೆಯ ಸುದ್ದಿಗೆ ‘ಐ ವೆಂಟ್’ ಸಾಕು.

ಹೋಗಿ ಬಂದದ್ದನ್ನ ಇವತ್ತಿಗೆ ಅನ್ವಯಿಸಿ ಹೇಳೋಕೆ ಇಂಗ್ಲಿಷಿನಲ್ಲಿ ‘ಬೀನ್’ ಇದೆ. ‘ಹಿ ಹ್ಯಾಸ್ ಗಾನ್ ಟು ದೆಹಲಿ’ ಅಂದರೆ ದೆಹಲಿಗೆ ಹೋಗಿದ್ದಾನೆ, ಇನ್ನೂ ಅಲ್ಲೇ. ‘ಹಿ ಹ್ಯಾಸ್ ಬೀನ್ ಟು ದೆಹಲಿ’ ಅಂದರೆ ಹೋಗಿಬಂದಿದ್ದಾನೆ. ಇದು ಮಕ್ಕಳಿಗೆ ಬೇಗ ಹತ್ತುತ್ತೆ, ಯಾಕೆಂದರೆ ನಮ್ಮಲ್ಲೂ ಎರಡು ಬೇರೆ ರೂಪ ಇವೆ. ಅಜ್ಜನ ವಾಕ್ಯಕ್ಕೆ ‘ಹಿ ಡೈಡ್ ಇನ್ 2015’. ‘ತೀರಿಕೊಂಡು ಹತ್ತು ವರ್ಷ ಆಯ್ತು’ ಅನ್ನಬೇಕಾದರೆ ‘ಹಿ ಡೈಡ್ ಟೆನ್ ಇಯರ್ಸ್ ಅಗೋ’, ಅಥವಾ ‘ಇಟ್ ಹ್ಯಾಸ್ ಬೀನ್ ಟೆನ್ ಇಯರ್ಸ್ ಸಿನ್ಸ್ ಹಿ ಡೈಡ್’.

ತುಮಕೂರು_ಟೀಚರ್

ಎಲ್ಲರಿಗೂ ಮನಸಾರೆ ಧನ್ಯವಾದ. ಸೋಮವಾರ ‘ಬಂದಿಲ್ಲ, ಬರಲಿಲ್ಲ’ ಇಂದ ಶುರು ಮಾಡ್ತೀನಿ. ಆಮೇಲೆ ಕುಂಬ್ಳೆ, ಆಮೇಲೆ ಡಾಕ್ಟರ್-ಪೇಷಂಟ್ ಸಂಭಾಷಣೆ. ಹ್ಯಾವ್ ಪ್ಲಸ್ ವಿ-ಥ್ರೀ (ಕ್ರಿಯಾಪದದ ಮೂರನೇ ರೂಪ) ಸೂತ್ರ ಕೊನೆಗೆ.

ಪಿಯುಸಿ_ವಿದ್ಯಾರ್ಥಿನಿ

ಒಂದು ಪ್ರಶ್ನೆ ಉಳಿದಿದೆ. ‘ನಾನು ಇಲ್ಲಿಗೆ ಬರ್ತಿರೋದು ಇದೇ ಮೊದಲು’ ಅಂತ ಹೇಳೋಕೆ ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಆ್ಯಮ್ ಕಮಿಂಗ್ ಹಿಯರ್’ ಸರಿಯಾ?

ಲೀಡ್ಸ್_ನರ್ಸ್

ಇಲ್ಲಮ್ಮ. ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಹ್ಯಾವ್ ಕಮ್ ಹಿಯರ್.’ ಇದುವರೆಗೆ ಎಷ್ಟು ಸಲ ಅನ್ನೋ ಲೆಕ್ಕ ಅದು, ಹಾಗಾಗಿ ಹ್ಯಾವ್. ಎರಡನೇ ಸಲ, ಮೂರನೇ ಸಲಕ್ಕೂ ಹೀಗೇ. ‘ಇದು’ ಹೋಗಿ ‘ಅದು ಮೊದಲ ಸಲ ಆಗಿತ್ತು’ ಅಂತಾದರೆ ‘ದ್ಯಾಟ್ ವಾಸ್ ದ ಫಸ್ಟ್ ಟೈಮ್ ಐ ಹ್ಯಾಡ್ ಕಮ್ ಹಿಯರ್’.